ಕನ್ನಡ ಪಾಪ್-ಹೌಸ್: ಬಳ್ಳಾರಿಯಲ್ಲೇ ಇದ್ದು ಮೊದಲ ಸಿಂಗಲ್ ಬಿಡೋದು ಹೆಂಗೆ?

ಕೋಟೆಗಲ್ಲು (ಬಳ್ಳಾರಿ):

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಎರಡನೇ ವರ್ಷ, 19 ವಯಸ್ಸು. ಹಾಡು ಬರೆಯೋದು, ಧಾಟಿ ಹಾಕೋದು, ಹಾಡೋದು ಮೂರೂ ನಾನೇ. ಶೈಲಿ ಪಾಪ್ ಮತ್ತು ಹೌಸ್ (ಡಿಜೆಗಳ ಕುಣಿತದ ಸಂಗೀತ), ಸಾಹಿತ್ಯ ನಮ್ಮ ಕಡೆ ಮಾತಿನ ಕನ್ನಡ. ಮೂರು ಹಾಡು ತಯಾರಿದಾವೆ. ಬೀಟ್ ಮಾಡೋರು ಬೆಂಗಳೂರಿನವರು, ಇನ್‌ಸ್ಟಾಗ್ರಾಂನಲ್ಲಿ ಪರಿಚಯ. 124 ಬಿಪಿಎಂ (ನಿಮಿಷಕ್ಕೆ 124 ತಾಳದ ಪೆಟ್ಟು), ಎಫ್ ಮೈನರ್ ಸ್ಕೇಲಿನ ಟ್ರ್ಯಾಕ್ ಕಳಿಸಿ, "ನೀ ಹಾಡಿ ಕಳಿಸು, ಮಿಕ್ಸ್ ಮಾಡಿ ನನ್ನ ಹೆಸರಲ್ಲಿ ಹಾಕ್ತೀನಿ, ದುಡ್ಡು ಬಂದ್ರೆ ಹಂಚ್ಕೊಳ್ಳೋಣ" ಅಂದಿದಾರೆ. ಕಾಗದ ಪತ್ರ ಏನೂ ಆಗಿಲ್ಲ.

ಸಾಮಾನು: 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ (ಮೈಕನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಡಬ್ಬಿ), ಆಡಿಯೋ-ಟೆಕ್ನಿಕಾ ಎಟಿ2020 ಮೈಕ್, ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್. ಕೋಣೆ 10 ಅಡಿಗೆ 12 ಅಡಿ, ಶಹಾಬಾದ್ ಬಂಡೆ ನೆಲ, ಆರ್‌ಸಿಸಿ ಮಾಳಿಗೆ. ರೆಕಾರ್ಡ್ ಮಾಡಿದ್ದು ಡಬ್ಬಿಯೊಳಗೆ ಹಾಡಿದಂಗೆ ಕೇಳ್ತದೆ. ಹಿಂದೆ ಗುಂಯ್ ಅಂತ ಸದ್ದು ಬೇರೆ.

ಕೋಣೆ ಸರಿ ಮಾಡೋದು ಹೆಂಗೆ? ಬೀಟ್ ಮಾಡೋರ ಮಾತಿಗೆ ಒಪ್ಪಬಹುದಾ? ಸ್ಪಾಟಿಫೈ, ಯೂಟ್ಯೂಬ್‌ಗೆ ಹಾಡು ಹೋಗೋ ದಾರಿ ಏನು? ನಮ್ಮ ಭಾಗದ ವೇದಿಕೆಗಳಲ್ಲಿ ಇಂಥ ಹಾಡಿಗೆ ಜಾಗ ಐತಾ? ಗೊತ್ತಿದ್ದೋರು ಬಿಡಿಸಿ ಹೇಳ್ರಿ.

ದೋಆಬ್‌ಧ್ವನಿ (ರಾಯಚೂರು):

ಮೊದಲು ಗುಂಯ್ ಸದ್ದು. ಅದು ಹೋಗಲಿಲ್ಲ ಅಂದ್ರೆ ಮುಂದಿನ ಕೆಲಸ ಎಲ್ಲ ದಂಡ. ದಪ್ಪನೆ, ಒಂದೇ ಸಮ ಬರೋದು 50 ಅಥವಾ 100 ಹರ್ಟ್ಜ್‌ದು, ಬಹುತೇಕ ಅರ್ಥಿಂಗ್ ಸರಿ ಇರಂಗಿಲ್ಲ. ತೆಳ್ಳಗೆ ಚರ‍್ರ್ ಅಂತ ಬಂದ್ರ ಚಾರ್ಜರ್, ಇನ್ವರ್ಟರ್ ಇಲ್ಲಾ ಫ್ಯಾನಿನ ರೆಗ್ಯುಲೇಟರ್. ಚಾರ್ಜರ್ ಕಿತ್ತು ಬರೇ ಬ್ಯಾಟರಿ ಮ್ಯಾಲೆ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ನೋಡ್ರಿ. ಸದ್ದು ನಿಂತ್ರ ಅಲ್ಲಿಗೇ ಮುಗೀತು, ಹಾಡೋ ಹೊತ್ತಿನಾಗ ಚಾರ್ಜರ್ ಹಾಕಬ್ಯಾಡ್ರಿ. ನಿಲ್ಲಲಿಲ್ಲ ಅಂದ್ರ ಮೈಕಿನ ಎಕ್ಸ್‌ಎಲ್‌ಆರ್ ಕೇಬಲ್ ಬದಲಿಸಿ ನೋಡ್ರಿ, ಆ ಕೇಬಲ್ ಕರೆಂಟಿನ ವೈರಿನ ಪಕ್ಕಕ್ಕ ಉದ್ದಕ ಹರಿಬಾರದು. ಕರೆಂಟ್ ಹೋಗಿ ಮನಿ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲೆ ಇದ್ದಾಗ ರೆಕಾರ್ಡಿಂಗ್ ಆಸೆ ಬಿಡ್ರಿ.

ಇನ್ನ ಡಬ್ಬಿ ಸದ್ದು. ಕೋಣೆ ನಡುವೆ ನಿಂತು ಒಂದು ಚಪ್ಪಾಳೆ ತಟ್ರಿ. ಹಿಂದ ಟ್ರಿಂಗ್ ಅಂತ ಒಂದು ಬಾಲ ಬರ್ತೈತಿ, ಬಂಡೆ ನೆಲಕ್ಕೂ ಮಾಳಿಗೆಗೂ ನಡುವೆ ದನಿ ಹಾರಾಡೋ ಸದ್ದು ಅದು. ನೆಲಕ್ಕ ದಪ್ಪ ಜಮಖಾನೆ ಹಾಸಿದ್ರ ಅರ್ಧ ಹೋಗ್ತೈತಿ. ಉಳಿದಿದ್ದಕ್ಕ ಮನ್ಯಾಗಿನ ಕೌದಿ ಸಾಕು. ಆದ್ರ ಎಲ್ಲಿ ಕಟ್ಟೋದು ಅನ್ನೋದ್ರಾಗೇ ಭಾಳ ಮಂದಿ ತಪ್ಪತಾರ: ಮೈಕಿನ ಹಿಂದ ಕಟ್ತಾರ. ಎಟಿ2020 ಕಾರ್ಡಿಯಾಯ್ಡ್ ಮೈಕು, ಅದರ ಬೆನ್ನಿಗೆ ಹೆಚ್ಚೇನೂ ಕೇಳಂಗಿಲ್ಲ. ಅದು ನೋಡೋದು ನಿಮ್ಮನ್ನ ಮತ್ತ ನಿಮ್ಮ ಬೆನ್ನ ಹಿಂದಿನ ಗೋಡೆನ. ಹಂಗಾಗಿ ಕೌದಿ ನಿಮ್ಮ ಬೆನ್ನ ಹಿಂದ ಬರಬೇಕು. ಒಂದು ಮೂಲೆಗೆ ಅಡ್ಡ ಹಗ್ಗ ಕಟ್ಟಿ, ಎರಡು ಕೌದಿನ ಮಡಚಿ ಇಬ್ಬದಿಗೆ ಇಳಿಬಿಡ್ರಿ. ಗೋಡೆಗೆ ಅಂಟಿಸಬ್ಯಾಡ್ರಿ, ನಾಕು ಇಂಚು ಸಂದಿ ಇದ್ರ ಕೆಳಗಿನ ಗುಂಗೂ ಹೀರ್ಕೋತೈತಿ. ಮೂಲೆಗೆ ಬೆನ್ನು ಕೊಟ್ಟು, ಕೌದಿಯಿಂದ ಎರಡು ಅಡಿ ಮುಂದ ನಿಂತು ಹಾಡ್ರಿ. ಮೊಟ್ಟೆ ಟ್ರೇ ಅಂಟಿಸೋ ಉಪಾಯ ಯಾರರ ಹೇಳಿದ್ರ ಕೇಳಬ್ಯಾಡ್ರಿ, ಅದು ಗೋಡೆ ಅಂದ ಕೆಡಸತೈತಿ ಅಷ್ಟ.

ಫ್ಯಾನು, ಕೂಲರ್ ಎರಡೂ ಬಂದ್. ಬ್ಯಾಸಿಗ್ಯಾಗ ನಮ್ಮ ಕಡೆ ಹತ್ತು ಗಂಟೆ ದಾಟಿದ ಮ್ಯಾಲೆ ಅದು ಆಗದ ಮಾತು. ಬೆಳಗಿನ 5ರಿಂದ 7 ಒಳ್ಳೆ ಹೊತ್ತು, ಲಾರಿ ಹಾರ್ನೂ ಕಮ್ಮಿ. ದನಿ ಬಿಚ್ಚಾಕ ಮಾತ್ರ ಎದ್ದು ಒಂದು ತಾಸರ ಬೇಕು.

ಮೈಕಿಗೂ ಬಾಯಿಗೂ ಒಂದು ಗೇಣಿಗೆ ಚೂರು ಕಮ್ಮಿ, 6ರಿಂದ 8 ಇಂಚು. ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯೋ ಪರದೆ) ಮೈಕಿನಿಂದ ಮೂರು ಇಂಚು ಈಚೆ. ಸೋಲೋದ 48ವಿ ಗುಂಡಿ ಒತ್ತಿರಬೇಕು, ಈ ಮೈಕಿಗೆ ಕರೆಂಟ್ ಬರೋದು ಅದರಿಂದ. ಚರಣದ ಭಾಳ ಜೋರು ಸಾಲು ಹಾಡಿ, ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ ನಡುವೆ ನಿಲ್ಲಂಗ ಗೇನ್ (ಮೈಕ್ ದನಿಯ ಮಟ್ಟ) ಇಡ್ರಿ. 24 ಬಿಟ್. ಬೀಟ್ ಫೈಲ್ 44.1 ಕಿಲೋಹರ್ಟ್ಜ್ ಇದ್ರ ನಿಮ್ಮ ಪ್ರಾಜೆಕ್ಟೂ 44.1, 48 ಇದ್ರ 48. ಸೋಲೋದಾಗ ಡೈರೆಕ್ಟ್ ಮಾನಿಟರ್ ಆನ್ ಇಟ್ರ ಸಾಫ್ಟ್‌ವೇರ್‌ನ ಇನ್‌ಪುಟ್ ಮಾನಿಟರ್ ಆಫ್ ಮಾಡ್ರಿ. ಎರಡೂ ಇದ್ರ ನಿಮ್ಮ ದನಿ ಎರಡೆರಡು ಸಲ ಕೇಳಿ ತಾಳ ಹಿಂದ ಬೀಳ್ತೈತಿ, ಹೌಸ್‌ನಾಗ ಅದು ತಕ್ಷಣ ಗೊತ್ತಾಗ್ತೈತಿ. ಹೆಡ್‌ಫೋನಿನಾಗ ಬೀಟ್ ಸಣ್ಣಗ ಇಡ್ರಿ. ಕಿಕ್ (ಡ್ರಮ್ಮಿನ ದಪ್ಪ ಗುದ್ದು) ಸದ್ದು ಹೆಡ್‌ಫೋನಿನಿಂದ ಸೋರಿ ಮೈಕಿಗೆ ಹೋದ್ರ, ಮುಂದ ಬೀಟ್ ಬದಲಿಸಿ ರೀಮಿಕ್ಸ್ ಮಾಡೋವಾಗ ಆ ಹಳೇ ಕಿಕ್ ದನಿ ಹಿಂದೇ ಬರ್ತೈತಿ.

ಶ್ರುತಿ ನೋಡ್ಕೊಂಡೀರೇನು? ನೀವು ಹಾರ್ಮೋನಿಯಂನ ಕಪ್ಪು ನಾಕಕ್ಕ ಹಾಡೋರಿದ್ರ, ಅದು ಸಾಫ್ಟ್‌ವೇರ್‌ನ ಜಿ ಶಾರ್ಪ್. ಅದು ಎಫ್ ಮೈನರ್ ಒಳಗ ಇರೋ ಸ್ವರನೇ, ಆದ್ರ ನಿಮ್ಮ ಷಡ್ಜಕ್ಕೂ ಬೀಟಿನ ಎಫ್‌ಗೂ ಮೂರು ಅರ್ಧಸ್ವರ ಅಂತರ. ಪಲ್ಲವಿಯ ಎತ್ತರದ ಸ್ವರ ಗಂಟಲು ಹಿಡೀತೈತಿ ಅನ್ನಿಸಿದ್ರ ಒದ್ದಾಡಬ್ಯಾಡ್ರಿ, ಬೀಟ್ ಮಾಡೋರಿಗೆ ಹೇಳಿ ಸ್ಕೇಲ್ ಇಳಿಸಿಕೊಳ್ರಿ. ಮಿಡಿ ಫೈಲ್ (ದನಿ ಅಲ್ಲ, ಬರೇ ಸ್ವರಗಳ ಪಟ್ಟಿ) ಅವರ ಹತ್ರ ಇರ್ತೈತಿ, ಐದು ನಿಮಿಷದ ಕೆಲಸ. ಮಿಕ್ಸ್ ಆದ ಎಂಪಿ3ನ ನೀವೇ ಎಳೆದು ಇಳಿಸಿದ್ರ ಕಿಕ್ ಸತ್ತ ಹೋಗ್ತೈತಿ.

ಹಾಡೋದು: ಪೂರ್ತಿ ಹಾಡು ಮೂರು ಸಲ, ಒಳ್ಳೆ ಸಾಲು ಆರಿಸಿ ಜೋಡಿಸ್ರಿ. ಪಲ್ಲವಿಗೆ ಮತ್ತೆರಡು ಡಬಲ್, ಎಡಕ್ಕೊಂದು ಬಲಕ್ಕೊಂದು. ನಕಲು ಪೇಸ್ಟ್ ಮಾಡಿದ್ದು ಡಬಲ್ ಅಲ್ಲ, ಹೊಸದಾಗಿ ಹಾಡಬೇಕು. ಆಮ್ಯಾಲೆ ಹೌಸ್‌ಗಂತ ಒಂದು ವಿಶೇಷ ಕೆಲಸ: ಪಲ್ಲವಿಯ ಒಂದೇ ಸಾಲನ್ನ ಬೀಟ್ ಇಲ್ಲದೆ ಬರೇ ಕ್ಲಿಕ್ (ತಾಳ ಎಣಿಸೋ ಟಿಕ್ ಸದ್ದು) ಮ್ಯಾಲೆ ಹಾಡಿ, ಕೊನೆ ಸ್ವರ ಉದ್ದಕ ಹಿಡೀರಿ. 'ಆ', 'ಓ', 'ಹೇ' ಅಂತ ಐದಾರು ಸ್ವರದಾಗ ಬಿಡಿ ಬಿಡಿ ದನಿನೂ ಕೊಡ್ರಿ. ಡ್ರಾಪ್‌ನಾಗ (ಬೀಟ್ ಪೂರ್ತಿ ಜೋರಾಗಿ ಬರೋ ಭಾಗದಾಗ) ತುಂಡು ಮಾಡಿ ನುಡಿಸೋದು ಅವನ್ನೇ. ಕಳಿಸೋವಾಗ ರಿವರ್ಬ್, ಆಟೋಟ್ಯೂನ್ ಏನೂ ಹಾಕಬ್ಯಾಡ್ರಿ. ಎಲ್ಲಾ ಫೈಲೂ ಮೊದಲ ಬಾರ್‌ನಿಂದಲೇ (ನಾಕು ಬೀಟಿಗೆ ಒಂದು ಬಾರ್) ಶುರುವಾಗಂಗ ಮೋನೋ ವೇವ್ ತೆಗೆದು, ಹೆಸರಿನಾಗ ಬಿಪಿಎಂ ಮತ್ತ ಸ್ಕೇಲ್ ಬರೀರಿ.

124ರಾಗ ಅರ್ಧ ಬೀಟಿಗೆ 242 ಮಿಲಿಸೆಕೆಂಡ್. ಅಷ್ಟರಾಗ ಒಂದು ಅಕ್ಷರ ಆರಾಮ ಕೂಡ್ತೈತಿ. ಅದರ ಅರ್ಧಕ್ಕ ಇಳಿದ್ರ ಒತ್ತಕ್ಷರ ಕಲಸಿಹೋಗ್ತಾವ. 'ಮಾಡುತ್ತಿದ್ದೇನೆ'ಗಿಂತ 'ಮಾಡಾಕತ್ತೀನಿ' ತಾಳಕ್ಕ ಸಲೀಸು. ಮಾತಿನ ಕನ್ನಡ ಆರಿಸಿದ್ದು ಒಳ್ಳೇದಾತು.

ಸಾಲುಪಾಲು:

ಕೋಣೆಯ ವಿಷಯದಲ್ಲಿ ದೋಆಬ್ ಅವರ ಮಾತಿಗೆ ನನ್ನದೇನೂ ಸೇರಿಸಲಿಕ್ಕಿಲ್ಲ. ಆದರೆ ತಂಗಿ, ಒಂದು ವೇವ್ ಫೈಲನ್ನೂ ಕಳಿಸುವ ಮೊದಲು 'ನನ್ನ ಹೆಸರಲ್ಲಿ ಹಾಕ್ತೀನಿ, ಹಂಚ್ಕೊಳ್ಳೋಣ' ಎನ್ನುವ ಮಾತನ್ನು ಕಾಗದಕ್ಕೆ ಇಳಿಸಿಕೊಳ್ಳಿ. ಹೌಸ್ ಸಂಗೀತದಲ್ಲಿ ಹಾಡುವವರ ದನಿ ಒಂದು ಕಡೆ, ಹೆಸರು ಇನ್ನೊಂದು ಕಡೆ ಆಗುವುದು ಹಳೆಯ ಕಾಯಿಲೆ. 1980ರ ದಶಕದ ಶಿಕಾಗೋದಲ್ಲಿ, ವೇರ್‌ಹೌಸ್ ಕ್ಲಬ್‌ನಲ್ಲಿ ಡಿಜೆ ಫ್ರ್ಯಾಂಕಿ ನಕಲ್ಸ್ ಅಂಥವರ ಕೈಯಲ್ಲಿ ಬೆಳೆದ ಈ ಸಂಗೀತದಲ್ಲಿ ಟ್ರ್ಯಾಕ್ ಡಿಜೆಯದು, ದನಿ ಅದರ ಮೇಲೆ ಬಂದು ಕೂರುವ ಪದರ. 1990ರ ಹೊತ್ತಿಗೆ ಬ್ಲ್ಯಾಕ್ ಬಾಕ್ಸ್ ಮತ್ತು ಸಿ+ಸಿ ಮ್ಯೂಸಿಕ್ ಫ್ಯಾಕ್ಟರಿಯ ಹಿಟ್‌ಗಳಲ್ಲಿ ಹಾಡಿದ್ದು ಮಾರ್ಥಾ ವಾಶ್. ವಿಡಿಯೋಗಳಲ್ಲಿ ತುಟಿ ಆಡಿಸಿದವರು ಬೇರೆ ಹೆಂಗಸರು. ಹೆಸರು, ಹಣಕ್ಕಾಗಿ ಆಕೆ ಕೋರ್ಟಿಗೇ ಹೋಗಬೇಕಾಯಿತು. ನಿಮ್ಮ ಬೆಂಗಳೂರಿನವರು ಕೆಟ್ಟವರು ಅಂತ ಹೇಳುತ್ತಿಲ್ಲ. ಹಾಡು ಓಡಲಿಲ್ಲವಾದರೆ ಯಾರಿಗೂ ಜಗಳವಿಲ್ಲ, ಓಡಿದರೆ ಮಾತ್ರ ಎಲ್ಲರ ನೆನಪೂ ಬೇರೆ ಬೇರೆ.

ನಿಮ್ಮ ಒಂದು ಹಾಡಿನೊಳಗೆ ನಾಲ್ಕು ಆಸ್ತಿ ಇವೆ. ಸಾಹಿತ್ಯ ಒಂದು, ಸಂಗೀತ ಎಂದರೆ ಧಾಟಿ ಮತ್ತು ಸ್ವರ ಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಅಂದರೆ ಮಾಸ್ಟರ್ ಮೂರನೆಯದು, ಹಾಡಿದವರಿಗೆ ಸಿಗುವ ಪ್ರದರ್ಶಕರ ಹಕ್ಕು ನಾಲ್ಕನೆಯದು. ಸಾಹಿತ್ಯ ಪೂರ್ತಿ ನಿಮ್ಮದು. ಸಂಗೀತದಲ್ಲಿ ಧಾಟಿ ನಿಮ್ಮದು, ಕಾರ್ಡ್ಸ್ ಮತ್ತು ಬೀಟ್ ಅವರದು. ಸಾಹಿತ್ಯ, ಸಂಗೀತ ಎರಡೂ ಸೇರಿಸಿ 50-50 ಅನ್ನುವುದು ಈ ಶೈಲಿಯಲ್ಲಿ ಸಾಮಾನ್ಯವಾಗಿ ಕಾಣುವ ಲೆಕ್ಕ, ನ್ಯಾಯವೂ ಹೌದು. ಮಾಸ್ಟರ್‌ಗೆ ಬೇರೆ ಲೆಕ್ಕ ಬರೆಯಿರಿ: ಅವರಿಗೆ ಬೀಟ್ ಮತ್ತು ಮಿಕ್ಸಿಂಗ್‌ಗೆ ಇಡಿಗಂಟು ಕೊಟ್ಟು ಮಾಸ್ಟರ್ ನೀವೇ ಇಟ್ಟುಕೊಳ್ಳಬಹುದು, ಹಣವಿಲ್ಲದಿದ್ದರೆ ಮಾಸ್ಟರ್ ಕೂಡ ಅರ್ಧರ್ಧ. ಎರಡನ್ನೂ 'ಹಾಡಿನ ಪಾಲು' ಅಂತ ಒಂದೇ ಸಾಲಿನಲ್ಲಿ ಬರೆದರೆ ಮುಂದೆ ಗೊಂದಲ.

ಒಂದೇ ಪುಟ ಸಾಕು. ಹಾಡಿನ ಹೆಸರು, ಇಬ್ಬರ ಆಧಾರ್‌ನಲ್ಲಿರುವ ಪೂರ್ತಿ ಹೆಸರು, ಯಾರು ಏನು ಮಾಡಿದರು, ಸಾಹಿತ್ಯ-ಸಂಗೀತದ ಶೇಕಡಾ, ಮಾಸ್ಟರ್‌ನ ಶೇಕಡಾ, ಯಾರ ಖಾತೆಯಿಂದ ಬಿಡುಗಡೆ, ಲೆಕ್ಕ ಕೊಡುವುದು ಮೂರು ತಿಂಗಳಿಗೊಮ್ಮೆಯೋ ಆರು ತಿಂಗಳಿಗೊಮ್ಮೆಯೋ, ದಿನಾಂಕ, ಸಹಿ. ಇದರ ಜೊತೆಗೆ ಮರೆಯಬಾರದ್ದು ಮೂರು. ಕಲಾವಿದರ ಜಾಗದಲ್ಲಿ ಇಬ್ಬರೂ ಮುಖ್ಯ ಕಲಾವಿದರು ಅಂತ ಇರಲಿ. 'ಫೀಚರಿಂಗ್' ಅಂತ ಹೋದರೆ ನಿಮ್ಮ ಹೆಸರು ಅತಿಥಿಯಾಗಿಯೇ ಉಳಿಯುತ್ತದೆ. ಹಾಡು ಮುಗಿದ ಮೇಲೆ ಬಿಡಿ ಬಿಡಿ ಸ್ಟೆಮ್‌ಗಳ (ದನಿ, ಡ್ರಮ್, ಬೇಸ್ ಹೀಗೆ ಬೇರೆ ಬೇರೆ ಪದರಗಳ) 24 ಬಿಟ್ ವೇವ್ ಪ್ರತಿ ನಿಮಗೂ ಬರಬೇಕು. ನಿಮ್ಮ ದನಿಯನ್ನು ಬೇರೆ ಹಾಡಿಗೆ, ಸ್ಯಾಂಪಲ್ ಪ್ಯಾಕಿಗೆ, ಎಐ ದನಿ ತರಬೇತಿಗೆ ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬಳಸುವಂತಿಲ್ಲ.

ಕಾನೂನು ನಿಮ್ಮ ಕಡೆಗೇ ಇದೆ, ಓದಿಕೊಂಡಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿಯೊಂದಿಗೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಅಂತ ಲೆಕ್ಕ. 2012ರ ತಿದ್ದುಪಡಿಯ ನಂತರ ಸಾಹಿತ್ಯ, ಸಂಗೀತ ಬರೆದವರ ರಾಯಧನದ ಸಮಪಾಲನ್ನು ಕರಾರಿನಿಂದಲೂ ಕಿತ್ತುಕೊಳ್ಳಲು ಬರುವುದಿಲ್ಲ. ಹಾಡಿದವರು ಯಾರು ಅಂತ ಗುರುತಿಸಬೇಕೆನ್ನುವ ಹಕ್ಕು 38ಬಿ ಕಲಂನಲ್ಲಿದೆ. ಯಾರಾದರೂ 'ಪರ್ಪೆಚುವಲ್, ವರ್ಲ್ಡ್‌ವೈಡ್' (ಶಾಶ್ವತವಾಗಿ, ಜಗತ್ತಿನೆಲ್ಲೆಡೆ) ಅಂತ ಬರೆದ ಹಾಳೆ ಮುಂದಿಟ್ಟರೆ ಅವತ್ತೇ ಸಹಿ ಹಾಕಬೇಡಿ.

ಒಂದು ಪ್ರಶ್ನೆ: ಆ ಬೀಟ್ ನಿಮಗಾಗಿಯೇ ಮಾಡಿದ್ದಾ, ಅಥವಾ ಲೀಸ್‌ಗೆ ಇಟ್ಟದ್ದಾ?

ಕೋಟೆಗಲ್ಲು:

ಕೇಳಿದೆ. "ಲೀಸ್ ಬೀಟು, ಬೇಕಂದ್ರೆ ಎಕ್ಸ್‌ಕ್ಲೂಸಿವ್ ಮಾಡಿಕೊಡ್ತೀನಿ" ಅಂದ್ರು. ಲೀಸ್ ಇದ್ರೆ ಏನಾಗ್ತದೆ?

ಇನ್ನೊಂದು. ಎರಡನೇ ಹಾಡಿನ ನಡುವೆ ಸೋಬಾನೆ ಪದದ ನಾಲ್ಕು ಸಾಲು ಇಡಬೇಕಂತ ಐತೆ. ನಮ್ಮಜ್ಜಿ ಹಾಡ್ತಾರೆ. ಯೂಟ್ಯೂಬ್‌ನಲ್ಲೂ ಅದೇ ಪದ ಚೆನ್ನಾಗಿ ಹಾಡಿದ್ದು ಸಿಕ್ಕಿತು. ಯಾವುದು ಬಳಸಲಿ?

ಸಾಲುಪಾಲು:

ಲೀಸ್ ಅಂದರೆ ಅದೇ ಬೀಟ್ ಇನ್ನೂ ಹತ್ತು ಜನಕ್ಕೆ ಹೋಗಿರಬಹುದು. ನೀವು ಹಾಡು ಬಿಡುಗಡೆ ಮಾಡಿ ಯೂಟ್ಯೂಬ್ ಕಂಟೆಂಟ್ ಐಡಿಗೆ (ಅದೇ ಸದ್ದು ಇರುವ ವಿಡಿಯೋಗಳನ್ನು ತಾನೇ ಗುರುತಿಸುವ ವ್ಯವಸ್ಥೆ) ಸೇರಿಸಿದರೆ ಆ ಹತ್ತು ಜನರ ವಿಡಿಯೋ ಮೇಲೆ ನಿಮ್ಮ ಕ್ಲೇಮ್, ಅವರು ಸೇರಿಸಿದರೆ ನಿಮ್ಮ ಮೇಲೆ ಅವರ ಕ್ಲೇಮ್. ಎಷ್ಟೋ ಲೀಸ್ ಪತ್ರದಲ್ಲಿ ಇಷ್ಟು ಲಕ್ಷ ಸ್ಟ್ರೀಮ್ ದಾಟಿದರೆ ಮತ್ತೆ ಹಣ ಅಂತಲೂ ಇರುತ್ತದೆ. ಮೊದಲ ಸಿಂಗಲ್‌ಗೆ ಎಕ್ಸ್‌ಕ್ಲೂಸಿವ್ ಮಾಡಿಸಿಕೊಳ್ಳಿ, ಮತ್ತು ಇಲ್ಲಿಯವರೆಗೆ ಯಾರಿಗೆ ಲೀಸ್ ಕೊಟ್ಟಿದ್ದಾರೆ ಅಂತ ಪಟ್ಟಿ ಕೇಳಿ. ಹಳೆಯ ಲೀಸ್‌ಗಳು ಎಕ್ಸ್‌ಕ್ಲೂಸಿವ್ ಆದ ಮೇಲೂ ಜೀವಂತ ಇರುತ್ತವೆ. ಪಟ್ಟಿ ಉದ್ದ ಇದ್ದರೆ ಹೊಸ ಬೀಟೇ ಮೇಲು. ನಿಮ್ಮ ಧಾಟಿ ನಿಮ್ಮದೇ, 124ರಲ್ಲಿ ಎಫ್ ಮೈನರ್‌ನಲ್ಲಿ ಬೇರೆಯವರೂ ಬೀಟ್ ಕಟ್ಟಿಕೊಡುತ್ತಾರೆ.

ಸೋಬಾನೆ: ತಲೆಮಾರುಗಳಿಂದ ಬಂದ ಪದಕ್ಕೆ ಯಾರೂ ಒಡೆಯರಿಲ್ಲ, ಆದರೆ ಅದರ ಪ್ರತಿಯೊಂದು ರೆಕಾರ್ಡಿಂಗ್‌ಗೂ ಒಡೆಯರಿದ್ದಾರೆ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಹಾಡಿದವರ ಹಕ್ಕು 50 ವರ್ಷ. ಯೂಟ್ಯೂಬ್‌ನಿಂದ ಎತ್ತಬೇಡಿ. ಅಜ್ಜಿಯ ದನಿಯನ್ನೇ ಅದೇ ಮೈಕಿನಲ್ಲಿ ಹಿಡಿಯಿರಿ, ಕ್ರೆಡಿಟ್‌ನಲ್ಲಿ ಅವರ ಹೆಸರು ಹಾಕಿ, ಒಪ್ಪಿಗೆ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ತೆಗೆದುಕೊಳ್ಳಿ. ಮನೆಯವರಿಗೆ ಇದು ಅತಿ ಅನ್ನಿಸಬಹುದು, ಲೇಬಲ್‌ನವರು ಮೊದಲು ಕೇಳುವುದು ಅದನ್ನೇ. ಶಿಶುನಾಳ ಶರೀಫರ ತತ್ವಪದವನ್ನೋ ದಾಸರ ಪದವನ್ನೋ ತೆಗೆದುಕೊಂಡರೂ ಇದೇ ನಿಯಮ. ಶರೀಫರು ತೀರಿಕೊಂಡದ್ದು 1889ರಲ್ಲಿ, ಪದ ಮುಕ್ತ. ಯಾರೋ ಈಚೆಗೆ ಹಾಕಿದ ಧಾಟಿ ಮುಕ್ತವಲ್ಲ.

ದೋಆಬ್‌ಧ್ವನಿ:

ಅಜ್ಜಿಗೆ ಹೆಡ್‌ಫೋನ್ ಹಾಕಿ ಕ್ಲಿಕ್ ಕೇಳಸಬ್ಯಾಡ್ರಿ, ಪದ ಕೆಡ್ತೈತಿ. ತಮ್ಮ ಲಯದಾಗ ಹಾಡಲಿ, ನಾಕೈದು ಸಲ ಹಿಡೀರಿ. ಆಮ್ಯಾಲೆ ಒಂದೊಂದು ಸಾಲನ್ನ ತುಂಡು ಮಾಡಿ, ಸಾಲಿನ ಮೊದಲ ಒತ್ತು ಬಾರ್‌ನ ಮೊದಲ ಬೀಟಿಗೆ ಬರೋ ಹಂಗ ಕೂಡಸ್ರಿ. ಸಾಲಿನ ಒಳಗ ಹಿಗ್ಗಸೋದು ಕುಗ್ಗಸೋದು ಶೇಕಡಾ ಐದು-ಆರು ದಾಟಿದ್ರ ದನಿ ನೀರಾಗ ಮುಳುಗಿದಂಗ ಆಗ್ತೈತಿ. ಆ ಜಾಗದಾಗ ಕಿಕ್ ನಿಲ್ಲಿಸಿ ಬರೇ ಒಂದು ಪ್ಯಾಡ್ (ಉದ್ದಕ ಎಳೆಯೋ ಮೆತ್ತನೆ ಸಿಂಥ್ ಸದ್ದು) ಇಟ್ರ ತಾಳದ ಗೊಡವೆನ ಇಲ್ಲ. ಬ್ರೇಕ್‌ಡೌನ್ ಇರೋದ ಅದಕ್ಕ. ಪ್ಯಾಡ್ ಮಾತ್ರ ಅಜ್ಜಿ ಶ್ರುತಿಗೆ ಹೊಂದಿಸ್ರಿ, ಅಜ್ಜಿನ ಪ್ಯಾಡಿಗಲ್ಲ.

ಎಡದಂಡೆ (ಸಿಂಧನೂರು):

ಮಾಸ್ಟರ್ ಹಿಡಿದುಕೋ, ಹೆಸರು ಹಿಡಿದುಕೋ ಅನ್ನೋದು ಸರಿ. ಆದ್ರೆ 'ಫೀಚರಿಂಗ್ ಬೇಡ' ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಪಾಪ್-ಹೌಸ್‌ನಲ್ಲಿ ಹಾಡುಗಾರ್ತಿ ಮೇಲೆ ಬರೋ ದಾರಿಯೇ ಬೇರೆಯವರ ಟ್ರ್ಯಾಕ್. ಬ್ರಿಟನ್ ಹಾಡುಗಾರ್ತಿ ಬೆಕಿ ಹಿಲ್ ನೋಡ್ರಿ: 2012ರ ಬ್ರಿಟನ್ ಟಿವಿ ಸ್ಪರ್ಧೆ, 2014ರಲ್ಲಿ ಡಿಜೆ ಆಲಿವರ್ ಹೆಲ್ಡನ್ಸ್ ಜೊತೆಗಿನ ಹಾಡು ಅಲ್ಲಿ ಒಂದನೇ ಸ್ಥಾನ, ಸ್ವಂತ ಮೊದಲ ಆಲ್ಬಂ ಬಂದಿದ್ದು 2021ಕ್ಕೆ. ನಡುವಿನ ಏಳು ವರ್ಷ ಬಹುಪಾಲು ಡಿಜೆಗಳ ಜೊತೆಗಿನ ಹಾಡುಗಳೇ. ಡಿಜೆಗೆ ಈಗಾಗಲೇ ಕೇಳುಗರಿರ್ತಾರೆ, ಹೊಸಬರಿಗೆ ಇರಲ್ಲ.

ಸಾಲುಪಾಲು:

ಏಳು ವರ್ಷ ಅನ್ನುವುದನ್ನು ನೀವೇ ಹೇಳಿದಿರಿ. ಇದೇ ದಾರಿಯ ಇನ್ನೊಂದು ಮುಖ ರೇ ಎನ್ನುವ ಬ್ರಿಟನ್ನಿನ ಹಾಡುಗಾರ್ತಿ. 2014ರಲ್ಲಿ, ಹದಿನೇಳರ ಹೊತ್ತಿಗೆ ದೊಡ್ಡ ಲೇಬಲ್ ಜೊತೆ ಕರಾರು. ಜ್ಯಾಕ್ಸ್ ಜೋನ್ಸ್ ಅಂಥವರ ಡ್ಯಾನ್ಸ್ ಹಾಡುಗಳಿಗೆ ದನಿ, ಬೇರೆಯವರಿಗೆ ಬರವಣಿಗೆ. ಸ್ವಂತ ಆಲ್ಬಂ ಮಾತ್ರ ಹೊರಬರಲಿಲ್ಲ. 2021ರಲ್ಲಿ ಅದನ್ನು ಬಹಿರಂಗವಾಗಿ ಹೇಳಿ ಲೇಬಲ್‌ನಿಂದ ಹೊರಬಂದರು, 2023ರ ಫೆಬ್ರವರಿಯಲ್ಲಿ ಸ್ವತಂತ್ರವಾಗಿ ಆಲ್ಬಂ ತಂದರು, 2024ರ ಬ್ರಿಟ್ ಪ್ರಶಸ್ತಿಗಳಲ್ಲಿ ಒಂದೇ ರಾತ್ರಿ ಆರು ಗೆದ್ದರು. ಫೀಚರಿಂಗ್ ಮಾಡಬಾರದು ಅಂತಲ್ಲ. ಮೊದಲು ಸ್ವಂತ ಹೆಸರಿನಲ್ಲಿ ಎರಡು ಹಾಡು ಇರಲಿ. ಆಮೇಲೆ ಬೇರೆಯವರ ಟ್ರ್ಯಾಕ್‌ನಲ್ಲಿ ನಿಮ್ಮ ಹೆಸರು ಒತ್ತಿದವರಿಗೆ ಖಾಲಿ ಪುಟ ಕಾಣುವುದಿಲ್ಲ.

ಎಡದಂಡೆ:

ಎರಡು ಹಾಡು ಅಂದ್ರೆ ಒಪ್ಪಿದೆ. ಬಿಡುಗಡೆ ವಿಷಯ ನಾನು ಬರೀತೀನಿ.

ಸ್ಪಾಟಿಫೈ, ಆ್ಯಪಲ್, ಜಿಯೋಸಾವನ್‌ಗೆ ನೇರ ಕಳಿಸೋಕೆ ಬರಲ್ಲ, ನಡುವೆ ಡಿಸ್ಟ್ರಿಬ್ಯೂಟರ್ ಬೇಕು. ಡಿಸ್ಟ್ರೋಕಿಡ್ ವರ್ಷದ ಚಂದಾ, ಎಷ್ಟು ಹಾಡಾದ್ರೂ ಹಾಕಬಹುದು. ಚಂದಾ ನಿಲ್ಲಿಸಿದ್ರೆ ಹೆಚ್ಚಿಗೆ ದುಡ್ಡು ಕಟ್ಟಿರದ ಹಾಡು ಇಳಿದುಹೋಗ್ತವೆ. ಸಿಡಿ ಬೇಬಿಗೆ ಒಂದೇ ಸಲ ಶುಲ್ಕ, ಆಮೇಲೆ ಆದಾಯದಲ್ಲಿ ಪಾಲು. ರೂಟ್‌ನೋಟ್ ಉಚಿತ ಯೋಜನೆಯಲ್ಲಿ 15% ಹಿಡೀತಾರೆ. ವಿದ್ಯಾರ್ಥಿ, ವರ್ಷಕ್ಕೆ ಎರಡು ಮೂರು ಹಾಡು, ಚಂದಾ ಕಟ್ಟೋ ಖಾತ್ರಿ ಇಲ್ಲ ಅಂದ್ರೆ ಆದಾಯದಲ್ಲಿ ಪಾಲು ಹಿಡಿಯೋರೇ ವಾಸಿ.

ಖಾತೆ ತೆರೆಯೋಕೆ ಮುಂಚೆ ಕಲಾವಿದೆಯ ಹೆಸರನ್ನ ಎಲ್ಲಾ ಆ್ಯಪ್‌ನಲ್ಲೂ ಹುಡುಕಿ. ಅದೇ ಹೆಸರಿನ ಬೇರೆಯವರಿದ್ರೆ ನಿಮ್ಮ ಹಾಡು ಅವರ ಪುಟಕ್ಕೆ ಹೋಗಿ ಕೂರ್ತದೆ, ಬಿಡಿಸಿಕೊಳ್ಳೋಕೆ ವಾರಗಟ್ಟಲೆ ಅಲೆದಾಟ. ಒಂಟಿ ಹೆಸರು ಬೇಡ, ಎರಡು ಪದ ಇರಲಿ. ಕವರ್ ಚಿತ್ರ 3000 ಗುಣಿಸು 3000 ಪಿಕ್ಸೆಲ್, ಮೇಲೆ ಫೋನ್ ನಂಬರ್, ಇನ್‌ಸ್ಟಾ ಐಡಿ, ಕಂಪನಿ ಲೋಗೋ ಇದ್ರೆ ತಿರಸ್ಕಾರ. ಭಾಷೆ ಅನ್ನೋ ಜಾಗದಲ್ಲಿ ಕನ್ನಡ ಆರಿಸಿ. ಹಾಗೇ ಬಿಟ್ರೆ ಇಂಗ್ಲಿಷ್ ಅಂತ ಹೋಗಿ ಕನ್ನಡ ಪ್ಲೇಲಿಸ್ಟ್ ಮಾಡೋರ ಕಣ್ಣಿಗೇ ಬೀಳಲ್ಲ.

ಬಿಡುಗಡೆ ದಿನಕ್ಕಿಂತ ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ತೋರಿಸೋ ಅರ್ಜಿ ಬಿಡುಗಡೆಗೆ ಕನಿಷ್ಠ ಏಳು ದಿನ ಮುಂಚೆ ಹೋಗಬೇಕು. ಬಿಡುಗಡೆ ಆದ ಮೇಲೆ ಆ ಬಾಗಿಲು ಮುಚ್ಚಿತು. ಪ್ರತಿ ರೆಕಾರ್ಡಿಂಗ್‌ಗೂ 12 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಐಎಸ್‌ಆರ್‌ಸಿ ಸಿಗ್ತದೆ, ಬರೆದಿಟ್ಟುಕೊಳ್ಳಿ. ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದಾಗ ಅದೇ ಸಂಖ್ಯೆ, ಅದೇ ಫೈಲ್ ಕೊಟ್ರೆ ಪ್ಲೇ ಎಣಿಕೆ ಉಳೀತದೆ.

ಹಾಡಿನ ಉದ್ದ: ಹೌಸ್ ಅಂತ 16 ಬಾರ್ ಬರೀ ಬೀಟ್‌ನಿಂದ ಶುರು ಮಾಡಬೇಡಿ. 124ರಲ್ಲಿ 16 ಬಾರ್ ಅಂದ್ರೆ 31 ಸೆಕೆಂಡ್. ಸ್ಪಾಟಿಫೈ ಒಂದು ಪ್ಲೇ ಅಂತ ಎಣಿಸೋದು 30 ಸೆಕೆಂಡ್ ಕೇಳಿದ ಮೇಲೆ, ನಿಮ್ಮ ದನಿ ಬರೋಕೆ ಮುಂಚೆಯೇ ಜನ ಮುಂದಕ್ಕೆ ತಳ್ಳಿರ್ತಾರೆ. ಸಿಂಗಲ್‌ನಲ್ಲಿ ನಾಲ್ಕು ಅಥವಾ ಎಂಟು ಬಾರ್‌ಗೆ ದನಿ ಬರಲಿ, ಒಟ್ಟು ಎರಡೂವರೆಯಿಂದ ಮೂರು ನಿಮಿಷ. ಡಿಜೆಗಳಿಗೆ ಅಂತ 32 ಬಾರ್ ಆರಂಭ ಇರೋ ಐದಾರು ನಿಮಿಷದ ಎಕ್ಸ್‌ಟೆಂಡೆಡ್ ಮಿಕ್ಸ್ ಬೇರೆ ಮಾಡಿಸಿ, ಅದಕ್ಕೆ ಬೇರೆ ಐಎಸ್‌ಆರ್‌ಸಿ. ಸ್ಪಾಟಿಫೈ ಎಲ್ಲ ಹಾಡಿನ ಸದ್ದಿನ ಜೋರನ್ನೂ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತರ್ತದೆ, ಹಂಗಾಗಿ ಲಿಮಿಟರ್ ಹಾಕಿ ಹಿಂಡಿದ್ರೆ ಲಾಭ ಇಲ್ಲ. ಟ್ರೂ ಪೀಕ್ ಮೈನಸ್ 1 ಡಿಬಿ ಸಾಕು.

ದುಡ್ಡು: ಮೊದಲ ವರ್ಷ ಸ್ಟ್ರೀಮಿಂಗ್‌ನಿಂದ ಲೆಕ್ಕ ಹಾಕಬೇಡಿ. 2024ರಿಂದ ಸ್ಪಾಟಿಫೈನಲ್ಲಿ 12 ತಿಂಗಳಲ್ಲಿ 1,000 ಪ್ಲೇ ಆಗದ ಹಾಡಿಗೆ ರಾಯಧನವೇ ಇಲ್ಲ. ಅದಕ್ಕಂತ ಪ್ಲೇ ಮಾರೋರ ಹತ್ರ ಹೋದ್ರೆ ಹಾಡೇ ಇಳಿಸ್ತಾರೆ, ಡಿಸ್ಟ್ರಿಬ್ಯೂಟರ್ ದಂಡ ನಿಮ್ಮ ಖಾತೆಯಿಂದ ಹಿಡೀತಾರೆ. ಯೂಟ್ಯೂಬ್‌ನಲ್ಲಿ ಜಾಹೀರಾತು ಹಣಕ್ಕೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲಾ 90 ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆ. ಅಮೆರಿಕದ ತೆರಿಗೆಗೆ ಡಬ್ಲ್ಯು-8ಬೆನ್ ಫಾರಂ ತುಂಬಿಸ್ತಾರೆ, ಪ್ಯಾನ್ ನಂಬರ್ ಹಾಕಿ. ತುಂಬಿದ್ರೆ ಅಮೆರಿಕದ ಕೇಳುಗರ ಪಾಲಿನ ಮೇಲೆ 15% ಕಡಿತ, ತುಂಬದಿದ್ರೆ ಕಡಿತ ಜಾಸ್ತಿ. ಡಿಸ್ಟ್ರಿಬ್ಯೂಟರ್ ಮೂಲಕ ಕಂಟೆಂಟ್ ಐಡಿ ಹಾಕಿಸಿದ್ರೆ ನಿಮ್ಮ ಸ್ವಂತ ಚಾನೆಲ್‌ನ್ನ ವಿನಾಯಿತಿ ಪಟ್ಟಿಗೆ ಸೇರಿಸೋಕೆ ಹೇಳಿ, ಇಲ್ಲಾಂದ್ರೆ ನಿಮ್ಮ ವಿಡಿಯೋ ಮೇಲೆ ನಿಮ್ಮದೇ ಕ್ಲೇಮ್ ಬಂದು ಕೂರ್ತದೆ.

ಹಾಡು ಹೊರಬಂದ ಮೇಲೆ ಹಾಡು ಬರೆದವರ ರಾಯಧನ ವಸೂಲಿ ಮಾಡಿ ಹಂಚೋ ಸಂಘ, ಐಪಿಆರ್‌ಎಸ್‌ನಲ್ಲಿ ಸಾಹಿತಿ ಮತ್ತು ಸಂಗೀತಗಾರ್ತಿ ಎರಡೂ ಅಂತ ಸದಸ್ಯತ್ವ. ಸದಸ್ಯರಾದ್ರೆ ಮುಗೀಲಿಲ್ಲ, ಪ್ರತಿ ಹಾಡನ್ನೂ ಶೇಕಡಾ ಸಮೇತ ನೋಂದಾಯಿಸಬೇಕು. ಸಾಲುಪಾಲು ಹೇಳಿದ ಒಂದು ಪುಟ ಇಲ್ಲಿ ಕೆಲಸಕ್ಕೆ ಬರೋದು. ಇಬ್ಬರೂ ಬೇರೆ ಬೇರೆ ಶೇಕಡಾ ಬರೆದ್ರೆ ಹಣ ತಡೆಹಿಡೀತಾರೆ.

ಮೂರನೇ ಫೇಡರ್ (ಕೊಪ್ಪಳ):

ವೇದಿಕೆ ಬಗ್ಗೆ ಯಾರೂ ಹೇಳಲಿಲ್ಲ. ನೋಡವ್ವ, ನಮ್ಮ ಕಡೆ ಹೌಸ್ ಹಾಡು ಅಂತ ಕೇಳಿಕೊಂಡು ಯಾರೂ ಕರಿಯಂಗಿಲ್ಲ. ರಸಮಂಜರಿ ನಡುವೆ ಒಂದು, ಕಾಲೇಜು ಕಾರ್ಯಕ್ರಮದಾಗ ಒಂದು, ಹಿಂಗ ಒಳಗ ಹೋಗಬೇಕು. ಆನೆಗೊಂದಿ ಉತ್ಸವ, ಕನಕಗಿರಿ ಉತ್ಸವ, ಹಂಪಿ ಉತ್ಸವ ಬಂದಾಗ ಸ್ಥಳೀಯ ಕಲಾವಿದರ ಅರ್ಜಿ ತಗೋತಾರ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ವಿಚಾರಿಸ್ತಾ ಇರ್ರಿ. ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಹೋಗೈತಿ, ಅರ್ಜಿ ಹೊಸಪೇಟೆ ಕಡೆ. ಅರ್ಜಿ ಜೊತೆ ಆಧಾರ್, ಪಾಸ್‌ಬುಕ್ ಪ್ರತಿ, ಫೋಟೋ, ಹಿಂದೆ ಹಾಡಿದ ಕಾರ್ಯಕ್ರಮದ ಕರಪತ್ರ, ಎರಡು ನಿಮಿಷದ ವಿಡಿಯೋ ಇರಲಿ. 'ಹೌಸ್' ಅಂತ ಬರೆದ್ರ ಅಲ್ಲಿ ಯಾರಿಗೂ ತಿಳಿಯಂಗಿಲ್ಲ, 'ಸ್ವರಚಿತ ಕನ್ನಡ ಗೀತೆಗಳು' ಅಂತ ಬರೀರಿ. ವಿಶ್ವವಿದ್ಯಾಲಯದ ಯುವಜನೋತ್ಸವದಾಗ ಪಾಶ್ಚಾತ್ಯ ಏಕವ್ಯಕ್ತಿ ಗಾಯನ ಅಂತ ವಿಭಾಗನೇ ಐತಿ, ಅದು ಬಿಡಬ್ಯಾಡ್ರಿ. ಆಕಾಶವಾಣಿ ಸುಗಮ ಸಂಗೀತದ ಧ್ವನಿಪರೀಕ್ಷೆ ಬೇರೆ ಜಾತಿ ಹಾಡಿಗೆ, ನಿಮ್ಮ ಟ್ರ್ಯಾಕ್ ಅಲ್ಲಿ ನಡ್ಯಾಂಗಿಲ್ಲ.

ಟ್ರ್ಯಾಕ್ ಮ್ಯಾಲೆ ಹಾಡೋದಾದ್ರ ವೇದಿಕೆಗಂತನೇ ಬೇರೆ ಮಿಕ್ಸ್ ಬೇಕು. ನಮ್ಮ ಕಡೆ ಸೌಂಡ್ ಸಿಸ್ಟಮ್ ಬಹುತೇಕ ಮೋನೋದಾಗ ಕಟ್ಟಿರ್ತಾರ. ಸ್ಟೀರಿಯೋ ವೈಡ್ನರ್ ಹಾಕಿ ಹರಡಿದ ಸಿಂಥ್, ಕೋರಸ್ ದನಿ ಎಡ-ಬಲ ಒಂದಾದಾಗ ಒಂದನ್ನೊಂದು ತಿಂದು ಮಾಯ ಆಗ್ತಾವ. ಮನ್ಯಾಗೇ ಮಾಸ್ಟರ್ ಚಾನೆಲ್‌ನ ಮೋನೋ ಮಾಡಿ ಕೇಳ್ರಿ, ಪಲ್ಲವಿ ಸಣ್ಣಾತು ಅಂದ್ರ ವೈಡ್ನರ್ ತಗೀರಿ. ಮುಖ್ಯ ದನಿ ತೆಗೆದು, ಹಿನ್ನೆಲೆ ಕೋರಸ್ 6 ಡಿಬಿ ಇಳಿಸಿದ ಮೈನಸ್ ಟ್ರ್ಯಾಕ್ ಮಾಡ್ರಿ. 30 ಹರ್ಟ್ಜ್ ಕೆಳಗ ಕತ್ತರಿಸಿ, 60ರ ಕೆಳಗ ಎರಡು ಮೂರು ಡಿಬಿ ಇಳಿಸ್ರಿ, ಯಾಕಂದ್ರ 18 ಇಂಚಿನ ಬೇಸ್ ಬಾಕ್ಸ್‌ದವರು ಮೊದಲ ಏರಿಸಿ ಇಟ್ಟಿರ್ತಾರ. ಪೆನ್‌ಡ್ರೈವ್‌ನಾಗ ಒಂದು, ಫೋನಿನಾಗ ಒಂದು ಪ್ರತಿ. ಫೋನು ಏರೋಪ್ಲೇನ್ ಮೋಡ್. ಲ್ಯಾಪ್‌ಟಾಪ್‌ನಿಂದ ನುಡಿಸಿದ್ರ ಡಿಐ ಬಾಕ್ಸ್ (ಲ್ಯಾಪ್‌ಟಾಪಿನ ಸದ್ದನ್ನ ಮಿಕ್ಸರಿಗೆ ಸೇರಿಸೋ ಡಬ್ಬಿ) ತಗೊಂಡು ಗ್ರೌಂಡ್ ಲಿಫ್ಟ್ ಒತ್ರಿ, ಮನ್ಯಾಗಿನ ಗುಂಯ್ ಸದ್ದು ಅಲ್ಲಿ ಹತ್ತು ಪಟ್ಟು ಬರ್ತೈತಿ.

ಮಾನಿಟರ್ ಸ್ಪೀಕರ್ ನಿಮ್ಮ ಮುಂದ, ಮೈಕಿನ ಬೆನ್ನ ಕಡೆ ಇರಬೇಕು. ಮೈಕಿನ ಜಾಲರಿನ ಕೈಯಾಗ ಮುಚ್ಚಿ ಹಿಡಿದ್ರ ಕೂಗು ಹೊಡೀತೈತಿ. ಇಪ್ಪತ್ತು ನಿಮಿಷ ಕೊಟ್ರ ಐದು ಹಾಡು, ಜನರಿಗೆ ಗೊತ್ತಿದ್ದದ್ದು ಮೂರು, ನಿಮ್ಮವು ಎರಡು, ನಿಮ್ಮದು ಎರಡನೇದು ಮತ್ತ ನಾಕನೇದು. ಕಾರ್ಯಕ್ರಮ ಎಷ್ಟು ತಡ ಆದ್ರೂ ವಿಶೇಷ ಅನುಮತಿ ಇಲ್ಲಂದ್ರ ರಾತ್ರಿ 10ಕ್ಕ ಧ್ವನಿವರ್ಧಕ ಬಂದ್ ಮಾಡಬೇಕು. ಹಂಗಾಗಿ 'ಕಡೀಕೆ ನೀನು' ಅಂದ್ರ ನಿಮ್ಮ ಪಾಳಿ ಬರಂಗಿಲ್ಲ ಅಂತ ತಿಳ್ಕೊಳ್ರಿ. ಖಾಸಗಿ ಕಾರ್ಯಕ್ರಮಕ್ಕ ಅರ್ಧ ಸಂಚಕಾರ ಕೈಗೆ ಬಂದ ಮ್ಯಾಲೆನ ದಿನಾಂಕ ಕೊಡ್ರಿ. ಸಂಭಾವನೆದಾಗ ಟಿಡಿಎಸ್ ಹಿಡಿದಿದ್ರ ಆದಾಯ ತೆರಿಗೆ ಪೋರ್ಟಲ್‌ನಾಗ ಕಡಿತದ ಪಟ್ಟಿ ತಗದು ನೋಡಿ ರಿಟರ್ನ್ ಸಲ್ಲಿಸ್ರಿ, ನಿಮ್ಮ ಆದಾಯಕ್ಕ ಅದು ವಾಪಸ್ ಬರ್ತೈತಿ.

ಕೋಟೆಗಲ್ಲು:

ಎಲ್ಲರಿಗೂ ಶರಣು. ಚಾರ್ಜರ್ ಕಿತ್ತೆ, ಗುಂಯ್ ನಿಂತಿತು. ಪ್ರೊಡ್ಯೂಸರ್ 50-50ಗೆ ಒಪ್ಪಿದಾರೆ, ಹೊಸ ಬೀಟ್ ಮಾಡಿಕೊಡ್ತಾರೆ, ಮುಖ್ಯ ಕಲಾವಿದರು ಇಬ್ಬರೂ. ಆದ್ರೆ ಬಿಡುಗಡೆ ಮಾತ್ರ ತಮ್ಮ ಡಿಸ್ಟ್ರಿಬ್ಯೂಟರ್ ಖಾತೆಯಿಂದಲೇ ಅಂತಾರೆ.

ಸಾಲುಪಾಲು:

ಅವರ ಖಾತೆಯಿಂದ ಹೋಗಲಿ, ತೊಂದರೆ ಇಲ್ಲ, ಆದರೆ ಮೂರು ಸಾಲು ಸೇರಿಸಿ. ಡಿಸ್ಟ್ರಿಬ್ಯೂಟರ್‌ನಲ್ಲೇ ಪಾಲು ಹಂಚುವ ಸೌಲಭ್ಯವಿದ್ದರೆ ನಿಮ್ಮ ಅರ್ಧ ನೇರ ನಿಮ್ಮ ಖಾತೆಗೆ ಬೀಳುವಂತೆ ಬಿಡುಗಡೆಗೆ ಮುಂಚೆಯೇ ಹೊಂದಿಸಬೇಕು. ಐಎಸ್‌ಆರ್‌ಸಿ ಮತ್ತು ಅಂತಿಮ ಮಾಸ್ಟರ್ ವೇವ್ ಬಿಡುಗಡೆಯ ದಿನವೇ ನಿಮ್ಮ ಕೈಗೆ. ಎರಡು ವರ್ಷದ ನಂತರ ಯಾರೊಬ್ಬರು 30 ದಿನ ಮೊದಲು ಮೇಲ್ ಮಾಡಿ ತಿಳಿಸಿದರೂ ಹಾಡನ್ನು ಅದೇ ಐಎಸ್‌ಆರ್‌ಸಿಯೊಂದಿಗೆ ಬೇರೆ ಖಾತೆಗೆ ಸಾಗಿಸಬಹುದು, ಪಾಲು ಬದಲಾಗುವುದಿಲ್ಲ. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ನಿಮ್ಮ ಪುಟವನ್ನು ನೀವೇ, ನಿಮ್ಮ ಇಮೇಲ್‌ನಿಂದ ಕ್ಲೇಮ್ ಮಾಡಿ. ಅದು ಅವರ ಕೈಗೆ ಹೋಗಬಾರದು. ಆ ಮೂರು ಸಾಲಿಗೂ 'ಸರಿ' ಅಂತ ಮೇಲ್‌ನಲ್ಲಿ ಉತ್ತರ ಬಂದು, ಹಾಳೆಗೆ ಸಹಿ ಬಿದ್ದ ಮೇಲೆ ವೇವ್ ಫೈಲ್ ಕಳಿಸಿ.